ಮೇಲಿನಿಂದ ಬಿದ್ದದ್ದು ಯಾರ ತಲೆಗೆ?



ಔಷಧಿ ಹೊಡೆಯೋ ಹೆಲಿಕಾಪ್ಟರ್ ಬಿತ್ತು ಅಂದರೆ ಬಹಳ ಸಲ ಕಾರಣ ಒಂದು ಕರೆಂಟು ತಂತಿ. ಪೈಲಟನಿಗೆ ಅದು ದೂರದಿಂದ ಕಾಣೋದೇ ಇಲ್ಲ. ಅಷ್ಟು ತಗ್ಗಿನಲ್ಲಿ ಎಂಜಿನ್ ಕೈಕೊಟ್ಟರೂ ಸಾವರಿಸಿಕೊಳ್ಳಲು ಎತ್ತರ ಸಾಲದು. ಹಾಗಾದರೆ ಮೇಲೆ ಹಾರಲಿ ಅಂತೀರಿ. ಹಾರಿದರೆ ವಿಷ ಗಾಳಿಪಾಲು!

ಕಾಸರಗೋಡನ್ನೇ ನೋಡಿ. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆದರು. ಟೀ ಸೊಳ್ಳೆ ಅನ್ನೋ ಕೀಟಕ್ಕಂತೆ. ತೋಟ ಗುಡ್ಡದ ಮೇಲೆ. ಮನೆ, ಬಾವಿ, ಸುರಂಗದ ನೀರು ಕೆಳಗೆ. ಮರದ ತುದಿಯಿಂದ 2-3 ಮೀಟರ್ ಮೇಲಷ್ಟೇ ಹಾರಬೇಕೆಂಬ ನಿಯಮ ಆ ಏರುತಗ್ಗಿನಲ್ಲಿ ನಡೆದೀತೇ? ಹೆಲಿಕಾಪ್ಟರ್ ಕ್ಷೇಮವಾಗಿ ಇಳೀತು. ಹಾಸಿಗೆ ಹಿಡಿದವರು ಕೆಳಗಿನ ಜನ.

2017ರಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಅಂತು. 2022ರ ಮೇನಲ್ಲಿ ಅದೇ ಕೋರ್ಟು ಲೆಕ್ಕ ನೋಡಿದರೆ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಜನಕ್ಕೆ! ಆ ಐದು ವರ್ಷ ಆಸ್ಪತ್ರೆ ಸಾಲದ ಬಡ್ಡಿ ಏನಾದರೂ ನಿಂತಿತ್ತೇನ್ರಿ?

ಈಗ ಡ್ರೋನ್ ಬಂದಿದೆ. ಪೈಲಟ್ ನೆಲದ ಮೇಲಿರುತ್ತಾನೆ, ಅಷ್ಟರಮಟ್ಟಿಗೆ ಒಳ್ಳೇದು. ಬಾಡಿಗೆಗೆ ಕರೆಯುವ ಮುಂಚೆ ಕೇಳಿ: ಪಕ್ಕದವನ ಬೆಳೆಗೋ ಬಾವಿಗೋ ವಿಷ ಬಿದ್ದರೆ ದುಡ್ಡು ಕಟ್ಟೋರು ಯಾರು? ಉತ್ತರ ಕಾಗದದ ಮೇಲೆ ಬರೆಸಿಕೊಳ್ಳಿ.