ಹೆಪ್ಪುಗಟ್ಟದ ಹೊಳೆ



ಇಂಗ್ಲೆಂಡಿನ ನಾಲೆಗಳಲ್ಲಿ ಏಳಡಿಗೂ ತುಸು ಕಮ್ಮಿ ಅಗಲದ, ಉದ್ದನೆಯ ದೋಣಿಗಳಿವೆ. ಒಂದು ಕಾಲಕ್ಕೆ ಕಲ್ಲಿದ್ದಲು ಹೊರುತ್ತಿದ್ದವು. ಈಗ ಜನ ಶನಿವಾರ, ಭಾನುವಾರ ಅವುಗಳೊಳಗೆ ಒಲೆ ಹೊತ್ತಿಸಿಕೊಂಡು ಕೂರುತ್ತಾರೆ. 1963ರ ಚಳಿಗೆ ಅಲ್ಲಿನ ನಾಲೆಗಳು ವಾರಗಟ್ಟಲೆ ಹೆಪ್ಪುಗಟ್ಟಿ, ಸರಕು ಸಾಗಿಸುವ ಕಸುಬೇ ಹೆಚ್ಚುಕಮ್ಮಿ ಮುಗಿದುಹೋಯಿತು.

ನಮ್ಮ ಪೂರಿಗಾಲಿ ಕಡೆ ನೀರು ಕಲ್ಲಾಗುವ ಮಾತೆಲ್ಲಿ ಬಂತು! ಮಳವಳ್ಳಿ ಸೀಮೆಯ ನಾಲೆ ನಿಲ್ಲುವುದು ಚಳಿಗಲ್ಲ, ಕನ್ನಂಬಾಡಿ ಅಣೆಕಟ್ಟೆಯಲ್ಲಿ ಗೇಟು ಇಳಿಸಿದಾಗ. ಕೊನೆಭಾಗದ ರೈತನನ್ನು ಕೇಳಿ, ಗೊತ್ತಾಗುತ್ತದೆ. ಪೂರಿಗಾಲಿಯ ಹೆಸರಿನಲ್ಲಿ ಈಗ ಹನಿ ನೀರಾವರಿ ಯೋಜನೆಯೇ ಇದೆ. ಆ ಪೈಪಿನೊಳಗೆ ಯಾವ ದೋಣಿಯೂ ಹೋಗದು.

ಆದರೂ ದೋಣಿಯ ಚಳಿ ನಮಗೂ ಗೊತ್ತು. ಧನುರ್ಮಾಸದ ಬೆಳಗ್ಗೆ ಕಾವೇರಿ ದಡಕ್ಕೆ ಬನ್ನಿ. ತೆಪ್ಪದ ಬಿದಿರಿನ ಅಂಚಿನ ತುಂಬ ಇಬ್ಬನಿ. ಒರಗಿದರೆ ಅಂಗಿ ತೊಪ್ಪೆ. ಹಿಂದೆ ತೆಪ್ಪಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಟಾರು. ದುಂಡಗಿನ ತೆಪ್ಪಕ್ಕೆ ಹಿಂದಿಲ್ಲ, ಮುಂದಿಲ್ಲ. ಒಂದೇ ಕಡೆ ಹುಟ್ಟು ಹಾಕಿದಿರೋ, ನಿಂತಲ್ಲೇ ಗಿರಗಿರ! ಅಂಬಿಗ ಮುಂದಕ್ಕೆ ಬಾಗಿ, ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಆಚೆ ದಡ ಕೊಳ್ಳೇಗಾಲದ ಸೀಮೆ, ಮಂಜಿನಲ್ಲಿ ಕಾಣುವುದಿಲ್ಲ. ಅತ್ತಲಿಂದ ಯಾರೋ ಕೂಗುತ್ತಾರೆ: "ಅಣ್ಣೋ, ಬಂದ್ಯಾ?"

"ಬಂದೆ ಇರಪ್ಪಾ," ಎನ್ನುತ್ತಾನೆ ಇವನು, ದನಿ ಬಂದತ್ತ ತೆಪ್ಪ ತಿರುಗಿಸುತ್ತ.