ಸೊಸೈಟಿಯ ಮನೆ ಕೊಳ್ಳುವ ಮುನ್ನ
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸಬಲ್ಲ. ಗಿರಣಿಯಲ್ಲಿ ಲೆಕ್ಕ ಬರೆಯುವವನು, ಮೆಟ್ರಿಕ್‌ವರೆಗೆ ಓದಿದವನು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವಷ್ಟೇ ನನ್ನ ಸೇವೆ. ಆದರೆ ಹೋದ ವಾರ ಈ ಮೇಜಿನ ಮೇಲೆ ಐದಾರು ಜನ ಒಂದೇ ಜಾಹೀರಾತಿನ ಮೇಲೆ ಬಾಗಿ ಕೂತದ್ದನ್ನು ಕಂಡೆ. ಹಳೆಯ ಸೊಸೈಟಿಯಲ್ಲಿ ಎರಡು ಮಲಗುವ ಕೋಣೆಗಳ ಫ್ಲ್ಯಾಟು, ಪೂರ್ತಿ ನವೀಕರಿಸಿದ್ದು, ಮಾರಾಟಕ್ಕಿದೆ ಎಂದಿತ್ತು. ಇಂಥದೇ ಜಾಹೀರಾತಿನ ಬೆನ್ನು ಹತ್ತಿ ನಾನು ಹಣ ಕಳೆದುಕೊಂಡಿದ್ದೇನೆ. ಆ ಪಾಠವನ್ನು ನಿಮಗೆ ಪುಕ್ಕಟೆಯಾಗಿ ಒಪ್ಪಿಸಿಬಿಡೋಣವೆಂದು ನಿಂತಿದ್ದೇನೆ.

ಮೊದಲು ಒಂದು ಮಾತು. ಸೊಸೈಟಿ, ಸಹಕಾರ ಎಂದರೆ ಇಲ್ಲಿಯವರ ವಿದ್ಯೆ, ನಮಗೆ ಒಗ್ಗದು ಎಂದು ನಮ್ಮಲ್ಲಿ ಹಲವರು ದೂರ ನಿಲ್ಲುತ್ತಾರೆ. ಹಾಗೆ ನಿಲ್ಲಲು ಕಾರಣವಿಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಮನೆಯ ವಿಷಯದಲ್ಲೂ ಹಾಗೆಯೇ. ಉತ್ತರ ಕನ್ನಡದ ಕಡೆಯಿಂದ ಮುಂಬಯಿಗೆ ಹೋಗಿ ಬಾಡಿಗೆಯ ಕೋಣೆಗಳಲ್ಲಿ ಇಕ್ಕಟ್ಟು ಪಡುತ್ತಿದ್ದ ಸಾರಸ್ವತ ಗುಮಾಸ್ತರಿಗಾಗಿ ಶ್ರೀಪಾದ ಸುಬ್ಬರಾವ ತಾಲ್ಮಕಿಯವರು 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಗೃಹಸಂಘ ಸ್ಥಾಪಿಸಿದರು. ಅದು ಒಂದೇ ಸಮಾಜದವರಿಗೆಂದು ಇದ್ದದ್ದು ನಿಜ. ಆದರೂ ಸಂಬಳದ ಮೇಲೆ ಬದುಕುವವನೂ ನಾಲ್ಕು ಜನರೊಡನೆ ಕೂಡಿ ಸೂರು ಮಾಡಿಕೊಳ್ಳಬಹುದೆಂದು ಅವರು ತೋರಿಸಿಕೊಟ್ಟರು. ಪುಣೆಯಲ್ಲಿ 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ನದೀತೀರದ ಪೇಟೆಗಳು ಮುಳುಗಿದ ಬಳಿಕ, ಮನೆ ಕಳಕೊಂಡವರಿಗಾಗಿಯೂ ಗೃಹಸಂಘಗಳು ಎದ್ದವು. ಅವುಗಳಲ್ಲಿ ಕೆಲವು ಸರಕಾರದ ಗುತ್ತಿಗೆ ಜಮೀನಿನ ಮೇಲಿದ್ದುವು. ಆದ್ದರಿಂದ ಹಳೆಯ ಸೊಸೈಟಿಯಲ್ಲಿ ಮನೆ ನೋಡುವವರು ಕೆಳಗಿನ ನೆಲ ಯಾರದೆಂದು ಮೊದಲು ಕೇಳಬೇಕು.

ಈಗ ನನ್ನ ಕಥೆ. ಅಣ್ಣನೂ ನಾನೂ ಕೂಡಿ ಒಂದು ಮನೆ ಕೊಳ್ಳಬೇಕೆಂದು ನಿಶ್ಚಯಿಸಿದ್ದೆವು. ಊರಿನ ಎರಡೆಕರೆ ಮಾರಿದ ಹಣ, ನನ್ನ ಪ್ರಾವಿಡೆಂಟ್ ಫಂಡು, ಮನೆಯ ಹೆಣ್ಣುಮಕ್ಕಳ ಬಂಗಾರ, ಉಳಿದದ್ದಕ್ಕೆ ಬ್ಯಾಂಕಿನ ಸಾಲ. ಬೆಲೆ ಎಷ್ಟೆಂದು ಹೇಳಿ ನಿಮ್ಮ ನಿದ್ದೆ ಕೆಡಿಸಲಾರೆ. ಮೂರು ಅಂತಸ್ತಿನ ಹಳೆಯ ಕಟ್ಟಡ, ಎರಡನೆಯ ಮಹಡಿ. ಒಳಗೆ ಹೊಕ್ಕರೆ ಕಣ್ಣು ಕೋರೈಸುವಂತಿತ್ತು: ಹೊಸ ಫರ್ಸಿ, ಹೊಸ ನಳ, ಗೋಡೆಗೆ ಗಂಧದ ಬಣ್ಣ, ಅಡಿಗೆಮನೆಗೂ ಪಡಸಾಲೆಗೂ ನಡುವೆ ಅಡ್ಡವೇ ಇಲ್ಲ. ಅತ್ತಿಗೆಯವರು ದೇವರ ಜಗುಲಿ ಎಲ್ಲಿ ಇಡುವುದೆಂದು ಆಗಲೇ ನೋಡತೊಡಗಿದ್ದರು. ದಲಾಲ, 'ಇನ್ನಿಬ್ಬರು ಸಂಜೆ ಬರುವವರಿದ್ದಾರೆ' ಎಂದ. ನಾನು ಅಲ್ಲಿಯೇ ಇಪ್ಪತ್ತೊಂದು ಸಾವಿರ ಸಂಚಕಾರ ಕೊಟ್ಟೆ. ರಸೀದಿ ಕೇಳಲಿಲ್ಲ. ದಿನವೂ ಗಿರಣಿಯಲ್ಲಿ ಎರಡು ರೂಪಾಯಿಗೂ ವೌಚರು ಬರೆಸುವವನು ನಾನು!

ಮರುದಿನ, ನಮ್ಮ ವಾಚನಾಲಯಕ್ಕೆ ಬರುವ ಸಿಂದಗಿ ಕಡೆಯ ಗೌಂಡಿಯೊಬ್ಬರನ್ನು ಮನೆ ತೋರಿಸಲೆಂದು ಕರೆದೊಯ್ದೆ. ನಿಜ ಹೇಳಬೇಕೆಂದರೆ ಸಲಹೆಗಲ್ಲ, ಹೆಮ್ಮೆಗೆ. ಅವರು ಬಣ್ಣದ ಕಡೆ ನೋಡಲೇ ಇಲ್ಲ. ಜೇಬಿನಿಂದ ನಾಣ್ಯ ತೆಗೆದು ಬಚ್ಚಲಿನ ಫರ್ಸಿಗಳನ್ನು ಒಂದೊಂದಾಗಿ ಬಡಿಯುತ್ತ ಹೋದರು. ಒಂದು ಮೂಲೆಯಲ್ಲಿ ಪೊಳ್ಳು ಸದ್ದು ಬಂತು. 'ಅಣ್ಣಾರ, ಕೆಳಗಿನ ಮನಿಯವರನ್ನ ಕೇಳೂಣು ಬರ್ರಿ' ಎಂದರು. ಕೆಳಗಿನ ಮನೆಯ ತಾಯಿ ಬಾಗಿಲು ತೆರೆದವರೇ ಸಿಟ್ಟಿನಿಂದ ಮಾಳಿಗೆ ತೋರಿಸಿದರು: ತಟ್ಟೆಯಗಲದ ಹಸಿ ಕಲೆ, ಅದರ ಕೆಳಗೊಂದು ಬಕೆಟ್ಟು. 'ಫರ್ಸಿ ಹೊಸಾವು, ಒಳಗಿನ ನೀರು ಹಳೇದು' ಎಂದರು ನಮ್ಮ ಗೌಂಡಿ. ಮಹಾರಾಷ್ಟ್ರದ ಸೊಸೈಟಿಗಳಿಗೆ ಹಾಕಿಕೊಟ್ಟ ಮಾದರಿ ಉಪನಿಯಮಗಳ ಪ್ರಕಾರ ಮೇಲ್ಛಾವಣಿಯ ಸೋರಿಕೆಯ ಖರ್ಚು ಸೊಸೈಟಿಯದು. ಶೌಚಾಲಯ, ಬಚ್ಚಲಿನಂಥ ಒಳಗಿನ ಸೋರಿಕೆ ಆಯಾ ಸದಸ್ಯನದು. ಅಂದರೆ ಆ ಮನೆಯ ಜತೆಗೆ ಆ ಬಕೆಟ್ಟಿನ ಜಗಳವನ್ನೂ ನಾನು ಕೊಳ್ಳುತ್ತಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. 'ಇಲ್ಲೊಂದು ಗ್ವಾಡಿ ಇತ್ತಲ್ರಿ, ಯಾರ ತಗಸಿದ್ರು?' ಎಂದು ಅವರು ಕೇಳಿದಾಗ ಮಾರುವವರು ಮಾತು ಬದಲಿಸಿದರು. ಹಳೆಯ ಕಟ್ಟಡಗಳಲ್ಲಿ ಕೆಲವು ಇಟ್ಟಿಗೆಯ ಗೋಡೆಗಳು ಮೇಲಿನ ಭಾರ ಹೊರುತ್ತವೆ. ಸಮಿತಿಯ ಮುಂಚಿತ ಅನುಮತಿಯಿಲ್ಲದೆ ಅವನ್ನು ತೆಗೆಯುವಂತಿಲ್ಲ. ಸೊಸೈಟಿಯ ಕಾರ್ಯದರ್ಶಿಗಳನ್ನು ಕಂಡು ವಿಚಾರಿಸಿದೆ. ಅಂಥ ಅನುಮತಿ ಕೊಟ್ಟದ್ದಿರಲಿಲ್ಲ, ಮೇಲಾಗಿ ತಿಂಗಳ ವಂತಿಗೆಯೂ ಬಾಕಿಯಿತ್ತು.

ಕೊಳ್ಳುವುದಿಲ್ಲವೆಂದೆವು. ದಲಾಲನ ಬಾಗಿಲಿಗೆ ಮೂರು ತಿಂಗಳು ಅಲೆದ ಮೇಲೆ ಹತ್ತು ಸಾವಿರ ಮರಳಿತು. ಹನ್ನೊಂದು ಸಾವಿರ ಹೋದದ್ದು ಹೋಯಿತು. ಅತ್ತಿಗೆಯವರು ಇಂದಿಗೂ ಒಂದು ಮಾತೂ ಆಡಿಲ್ಲ. ಅದೇ ನನಗೆ ಭಾರ.

ಆ ಮೇಲೆ ಕಾಗದಪತ್ರಗಳ ವಿಷಯ ತಿಳಿಯಲು ಕೂತೆ. ಸೊಸೈಟಿಯ ಮನೆಯೆಂದರೆ ನಾಲ್ಕು ಗೋಡೆಯಷ್ಟೇ ಅಲ್ಲ. ನೀವು ಶೇರನ್ನೂ ಸದಸ್ಯತ್ವವನ್ನೂ ಕೊಳ್ಳುತ್ತೀರಿ. ಆದ್ದರಿಂದ ಶೇರು ಸರ್ಟಿಫಿಕೇಟಿನಲ್ಲಿ, ಹಿಂಬದಿಯ ವರ್ಗಾವಣೆಯ ನೋಂದಣಿ ಸಹಿತ, ಮಾರುವವರ ಹೆಸರೇ ಇದೆಯೋ ನೋಡಿರಿ. ಕಟ್ಟಿದಂದಿನಿಂದ ಮನೆ ಯಾರಿಂದ ಯಾರಿಗೆ ಬಂದಿತೆಂಬ ನೋಂದಾಯಿತ ಕರಾರುಗಳು, ನೋಂದಣಿ ಕಚೇರಿಯ ಇಂಡೆಕ್ಸ್ ಎರಡು, ಬಾಕಿಯಿಲ್ಲವೆಂಬ ಸೊಸೈಟಿಯ ಪತ್ರ, ಇವು ಕೈಗೆ ಬರುವವರೆಗೆ ಸಂಚಕಾರದ ಮಾತು ಬೇಡ. ಪಾಲಿಕೆಯ ತೆರಿಗೆಯ ಪಾವತಿಯನ್ನೂ ಕೇಳಿರಿ. ವರ್ಗಾವಣೆಗೆಂದು ಸೊಸೈಟಿ ಲಕ್ಷಗಟ್ಟಲೆ 'ದೇಣಿಗೆ' ಕೇಳಿದರೆ ಹೆದರಬೇಡಿರಿ: ಮಹಾನಗರಪಾಲಿಕೆಯ ಹದ್ದಿನಲ್ಲಿ ಈ ಪ್ರೀಮಿಯಂ 25,000 ರೂಪಾಯಿ ದಾಟಬಾರದೆಂದು 2001ರಲ್ಲಿಯೇ ಸರಕಾರ ಗೊತ್ತುಮಾಡಿದೆ. ಸದಸ್ಯತ್ವದ ಅರ್ಜಿಯನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ನಿರಾಕರಿಸಿದರೆ ಸಾಕಷ್ಟು ಕಾರಣ ಬೇಕು, ಅದರ ಮೇಲೆ ರಜಿಸ್ಟ್ರಾರರಲ್ಲಿ ಮೇಲ್ಮನವಿಯುಂಟು. ಮನೆಯನ್ನು ಹೆಂಗಸರ ಹೆಸರಿನಲ್ಲಿ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ನೂರಕ್ಕೆ ಒಂದರಷ್ಟು ರಿಯಾಯಿತಿ 2021ರಿಂದ ಬಂದಿದೆ. ಅತ್ತಿಗೆಯವರಿಗೆ ಇದನ್ನು ಹೇಳಿದಾಗ ಮಾತ್ರ ಸ್ವಲ್ಪ ನಕ್ಕರು.

ಇನ್ನೊಂದು ಸಂಗತಿಯನ್ನು ದಲಾಲರು ಬಾಯಿಬಿಟ್ಟು ಹೇಳುವುದಿಲ್ಲ. 1963ರ ಫ್ಲ್ಯಾಟುಗಳ ಕಾಯಿದೆಯಂತೆ ಕಟ್ಟಿದವನು ನೆಲವನ್ನೂ ಕಟ್ಟಡವನ್ನೂ ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು. ಎಷ್ಟೋ ಮಂದಿ ಬರೆದುಕೊಡಲಿಲ್ಲ; ಅದಕ್ಕಾಗಿ 2008ರಲ್ಲಿ ತಿದ್ದುಪಡಿಯಾಗಿ, ಸೊಸೈಟಿಯೇ ಅಧಿಕಾರಿಗಳ ಮುಂದೆ ಹೋಗಿ ಹಕ್ಕು ಪಡೆಯುವ ದಾರಿ ತೆರೆಯಿತು. ನೀವು ನೋಡುವ ಸೊಸೈಟಿ ಅದನ್ನು ಪಡೆದಿದೆಯೇ? ಮೂವತ್ತು ವರ್ಷ ದಾಟಿದ ಕಟ್ಟಡವನ್ನು ಮೂರು ವರ್ಷಕ್ಕೊಮ್ಮೆ ಇಂಜಿನಿಯರರಿಂದ ತಪಾಸಣೆ ಮಾಡಿಸಬೇಕು. ಆ ವರದಿ ಎಲ್ಲಿ? ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವ ಮಾತು ಸಭೆಯಲ್ಲಿ ಎದ್ದಿದೆಯೇ? 2019ರ ಸರಕಾರಿ ನಿರ್ಣಯದಂತೆ ಇದಕ್ಕೆ ನೂರಕ್ಕೆ 51ರಷ್ಟು ಸದಸ್ಯರ ಒಪ್ಪಿಗೆ ಸಾಕು. ಹಾಗೆ ಕೆಡವಿದರೆ, ನವೀಕರಣಕ್ಕೆಂದು ನೀವು ಹೆಚ್ಚಿಗೆ ಕೊಟ್ಟ ಹಣವೂ ಆ ಹೊಸ ಫರ್ಸಿಯೊಡನೆ ಮಣ್ಣುಪಾಲು. ನನ್ನ ಮಟ್ಟಿಗೆ ಹೇಳುವುದಾದರೆ, ಬಣ್ಣ ಕಾಣದ ಮನೆಯನ್ನು ಕಡಿಮೆ ಬೆಲೆಗೆ ಕೊಂಡು, ನಮ್ಮವರಿಂದಲೇ ದುರಸ್ತಿ ಮಾಡಿಸುವುದು ಲೇಸು. ಈಗ ಅಣ್ಣನೂ ನಾನೂ ಅಂಥದೊಂದನ್ನು ನೋಡಿ ಬಂದಿದ್ದೇವೆ. ಕಾಗದಗಳು ಇನ್ನೂ ಬರಬೇಕು.

ಈ ಊರಿನ ಇಂಥ ಮನೆಗಳಿಗೆ ಇಟ್ಟಿಗೆ ಹೊತ್ತವರು ಇಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಅವರಲ್ಲಿ ಎಷ್ಟು ಜನರಿಗೆ ಸ್ವಂತ ಸೂರಿದೆಯೆಂದು ಕೇಳುವ ಧೈರ್ಯ ನನಗಿಲ್ಲ. ಆದರೆ ಆ ಗೌಂಡಿಯವರು ರವಿವಾರ ಬೆಳಿಗ್ಗೆ ಯಾರ ಸಂಗಡವಾದರೂ ಮನೆ ನೋಡಲು ಬರಲು ಒಪ್ಪಿದ್ದಾರೆ. ಅವರಿಗೆ ಒಂದು ದಿನದ ಪೂರ್ತಿ ಪಗಾರ ಕೊಡತಕ್ಕದ್ದು. ಬರಿ ಚಹಾ ಕುಡಿಸಿ ಕಳಿಸಬಾರದು. ಉಪನಿಯಮಗಳ ಪುಸ್ತಕ ಮರಾಠಿಯಲ್ಲಿದೆ, ಎಡಗಡೆಯ ಕಪಾಟಿನ ಎರಡನೆಯ ಸಾಲಿನಲ್ಲಿಟ್ಟಿದ್ದೇನೆ. ಓದಲು ತೊಡಕಾದರೆ ಸಂಜೆ ಏಳರ ಮೇಲೆ ನಾನು ಇಲ್ಲಿಯೇ ಇರುತ್ತೇನೆ.