ಬಲಗೈಯ ಹೆಬ್ಬೆರಳು

ನಿಮ್ಮ ಬಲಗೈಯಲ್ಲಿ ಒಂದು ತಂತಿ ಹಿಡಿದಂತೆ ಬೆರಳು ಮಡಿಸಿ, ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ. ನಿಜವಾದ ತಂತಿ ಬೇಡ, ಪೆನ್ಸಿಲ್ ಸಾಕು! ಹೆಬ್ಬೆರಳು ವಿದ್ಯುತ್ ಹರಿಯುವ ದಿಕ್ಕಾದರೆ, ಮಡಿಸಿದ ಬೆರಳುಗಳು ತಂತಿಯ ಸುತ್ತಲಿನ ಕಾಂತಕ್ಷೇತ್ರದ ದಿಕ್ಕನ್ನು ತೋರಿಸುತ್ತವೆ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಅವರು ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳಿದ್ದನ್ನು ಕಂಡರಲ್ಲ, ಅದು ಯಾವ ಕಡೆಗೆ ಹೊರಳುತ್ತದೆ ಎಂಬುದೇ ಇಲ್ಲಿನ ಗುಟ್ಟು.

ಪರೀಕ್ಷೆಗೆ ಓದುವ ಮಕ್ಕಳು ಮನೆಯಲ್ಲಿದ್ದರೆ ಒಂದು ಮಾತು ಹೇಳಿ. ಬಲಗೈಯಲ್ಲಿ ಪೆನ್ನಿದ್ದಾಗ ಖಾಲಿಯಿರುವ ಎಡಗೈ ತಾನಾಗಿಯೇ ಮೇಲೇಳುತ್ತದೆ, ಉತ್ತರ ತಿರುಗುಮುರುಗಾಗುತ್ತದೆ. ಪೆನ್ನು ಕೆಳಗಿಡಬೇಕು! ಪ್ರಶ್ನೆಯಲ್ಲಿ ಎಲೆಕ್ಟ್ರಾನಿನ ಚಲನೆ ಕೊಟ್ಟಿದ್ದರೆ ಹೆಬ್ಬೆರಳು ಅದರ ವಿರುದ್ಧ ದಿಕ್ಕಿಗೆ.

ಹಾಗಾದರೆ, ಎಡಗೈಯಲ್ಲಿ ಉಂಡರೆ ಗದರುತ್ತಿದ್ದ ನಮ್ಮ ಅಜ್ಜಿಯರಂತೆ ಕಾಂತಶಕ್ತಿಗೂ ಬಲಗೈಯೇ ಆಗಬೇಕೆ? ಇಲ್ಲ. ಒಂದೇ ದಿಕ್ಕಿನಲ್ಲಿ ವಿದ್ಯುತ್ ಹರಿಯುವ ಎರಡು ಸಮಾನಾಂತರ ತಂತಿಗಳು ಒಂದನ್ನೊಂದು ಸೆಳೆಯುತ್ತವೆ. ಕ್ಷೇತ್ರ ಕಂಡುಹಿಡಿಯಲು ಒಮ್ಮೆ, ಬಲ ಕಂಡುಹಿಡಿಯಲು ಇನ್ನೊಮ್ಮೆ, ಎರಡು ಸಲವೂ ಬಲಗೈ ನಿಯಮವನ್ನೇ ಎಡಗೈಯಲ್ಲಿ ಮಾಡಿ ನೋಡಿ. ಕ್ಷೇತ್ರ ತಿರುಗುತ್ತದೆ, ಆದರೆ ತಂತಿಗಳು ಆಗಲೂ ಸೆಳೆಯುತ್ತವೆ. ಫ್ಲೆಮಿಂಗರ ಎಡಗೈ ನಿಯಮದಲ್ಲಿ ಬೆರಳುಗಳ ಪಾತ್ರವೇ ಬೇರೆ, ಅದನ್ನು ಇದರೊಳಗೆ ಬೆರೆಸಬೇಡಿ. ನಡುವೆ ಕೈ ಬದಲಿಸಿದರೆ ಮಾತ್ರ ಲೆಕ್ಕ ಕೆಡುತ್ತದೆ.